ನಾನೇ ಬರೆದ ಬಾಗಿಲುಗಳು

ಆ ವರ್ಷ ಮೇ ತಿಂಗಳಲ್ಲಿ ಜೇವರ್ಗಿ ಬಸ್‌ಸ್ಟ್ಯಾಂಡಿನ ಎದುರು ಸ್ವೆಟರ್ ಹಾಕಿಕೊಂಡು ನಿಂತವನು ನಾನೊಬ್ಬನೇ ಇರಬೇಕು. ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಚಹಾದಂಗಡಿಯ ಬೆಂಚಿನ ಕೆಳಗೆ ನಾಯಿಗಳು ನಾಲಿಗೆ ಚಾಚಿ ಬಿದ್ದಿದ್ದವು. ನನಗೆ ಮಾತ್ರ ಥಂಡಿ. ಸ್ವೆಟರಿನ ಮೇಲೆ ಮಫ್ಲರ್ ಬೇರೆ.

"ಏನ್ ಪೇಂಟರ್ ಸಾಬ್, ಕಾಶ್ಮೀರಕ್ಕ ಹೊಂಟೀರೇನು?" ಅಂದ ಚಹಾದಂಗಡಿಯವ.

ನಾನು ನಗಬೇಕೆಂದುಕೊಂಡೆ. ಆ ನಗು ಎದೆಯಿಂದ ಹೊರಟು ತುಟಿಗೆ ಬರುವಷ್ಟರಲ್ಲಿ ಅವನು ಬೇರೆ ಇಬ್ಬರಿಗೆ ಚಹಾ ಕೊಟ್ಟು, ಅವರ ಖಾಲಿ ಗ್ಲಾಸು ತೊಳೆಯುತ್ತಿದ್ದ. ಆಗೆಲ್ಲ ನನಗೆ ಎಲ್ಲವೂ ಹಾಗೇ ತಡವಾಗಿ ಬರುತ್ತಿತ್ತು. ನಗು, ಸಿಟ್ಟು, ಹಸಿವು, ಬಾಯಿಗೆ ಬರಬೇಕಾದ ಹೆಸರು.

ನಾನು ಬೋರ್ಡ್ ಬರೆಯುವವನು, ಹೆಸರು ರಫೀಕ್. ಜೇವರ್ಗಿ, ಅಫಜಲಪುರ, ಆಳಂದ, ಈ ಮೂರು ತಾಲ್ಲೂಕಿನಲ್ಲಿ ನನ್ನ ಅಕ್ಷರ ಇಲ್ಲದ ಬಜಾರು ಕಡಿಮೆ. ಫ್ಲೆಕ್ಸ್ ಬಂದ ಮೇಲೆ ನಮ್ಮ ಕಸುಬಿನವರು ಒಬ್ಬೊಬ್ಬರಾಗಿ ಬ್ರಶ್ ಕೆಳಗಿಟ್ಟರು. ನನ್ನ ಕೈ ಹಿಡಿದವರು ಡಾಕ್ಟರುಗಳು. ನಮ್ಮ ಬಿಸಿಲಿಗೆ ಫ್ಲೆಕ್ಸ್ ಒಂದು ಬೇಸಿಗೆಯಲ್ಲಿ ಬಿಳಿಚಿಕೊಳ್ಳುತ್ತದೆ, ಎನಾಮಲ್ ಬಣ್ಣ ಬಹಳ ವರ್ಷ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು. ಹಾಗಾಗಿ ದವಾಖಾನೆಯ ಗೋಡೆ, ಬಾಗಿಲು, ಬಾಗಿಲ ಮೇಲಿನ ಹಲಗೆ ಎಲ್ಲ ನನ್ನ ಪಾಲಿಗೆ ಉಳಿದವು.

ಮನೆಯಲ್ಲಿ ನಾವಾಡುವುದು ದಖ್ಖನಿ ಉರ್ದು. ಓದಿದ್ದು ಕನ್ನಡ ಶಾಲೆಯಲ್ಲಿ, ಹತ್ತನೆಯ ಇಯತ್ತೆಯ ತನಕ. ಇಂಗ್ಲಿಷ್ ಕೈಗೆ ಬರುತ್ತದೆ, ತಲೆಗೆ ಬರುವುದಿಲ್ಲ. ಫಿಜಿಷಿಯನ್, ಸರ್ಜನ್, ಕನ್ಸಲ್ಟಂಟ್, ಸ್ಪೆಷಲಿಸ್ಟ್ ಇವನ್ನೆಲ್ಲ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಯಾವುದಕ್ಕೆ ಎಷ್ಟು ಜಾಗ ಬೇಕು, ಎಲ್ಲಿ ನೆರಳು ಕೊಟ್ಟರೆ ಎದ್ದು ಕಾಣುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆ ಪದದ ಹಿಂದಿನ ಕುರ್ಚಿಯಲ್ಲಿ ಕೂತವರು ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಬೇರೆಯವರನ್ನು ಕೇಳಬೇಕು.

ಕೇಳುತ್ತಿದ್ದದ್ದು ಮಲ್ಲಣ್ಣನನ್ನು. ನನಗಿಂತ ಹದಿನೈದು ವರ್ಷ ದೊಡ್ಡವನು. ನಮ್ಮ ಓಣಿಯಲ್ಲಿ ಒಬ್ಬ ಹಿರಿಯ ಡಾಕ್ಟರು ಇದ್ದರು, ಅವರ ಕಂಪೌಂಡರ್ ಆಗಿ ಅರ್ಧ ಆಯುಷ್ಯ ಕಳೆದವನು. ಡಾಕ್ಟರು ತೀರಿಕೊಂಡ ಮೇಲೆ ಅದೇ ಖೋಲಿಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತ, ಸೂಜಿ ಮಾಡುತ್ತ ಕೂತ. ಹೊಸ ಬೋರ್ಡಿನ ಕೆಲಸ ಬಂದಾಗ ನಾನು ಚೀಟಿ ಹಿಡಿದು ಅವನ ಕಟ್ಟೆಗೆ ಹೋಗುತ್ತಿದ್ದೆ.

"ಅಣ್ಣಾ, ಫಿಜಿಷಿಯನ್ ಅಂದ್ರ ಯಾರ್ರಿ?"

"ಕೇಳಾಂವ. ಏನಾಗ್ಯದ, ಯಾವಾಗಿಂದ ಆಗ್ಯದ ಅಂತ ಕೇಳಾಂವ."

"ಸರ್ಜನ್?"

"ಕೊಯ್ಯಾಂವ."

"ಕನ್ಸಲ್ಟಂಟ್?"

"ವಾರಕ್ಕೊಮ್ಮೆ ಬಂದು ಹೋಗಾಂವ."

"ಸ್ಪೆಷಲಿಸ್ಟ್?"

"ಒಂದರಾಗ ಭಾಳ ತಿಳದಾಂವ. ಉಳದದ್ದಕ್ಕ ಇನ್ನೊಬ್ಬರ ಕಡೆ ಕಳಸಾಂವ."

"ಮತ್ತ ಡಾಕ್ಟರ್ ಅಂದ್ರ?"

ಮಲ್ಲಣ್ಣ ಹತ್ತಿಯನ್ನು ಉಂಡೆ ಮಾಡಿ ಡಬ್ಬಿಗೆ ತುಂಬುತ್ತಿದ್ದ. "ಅದು ನಮ್ಮ ದೊಡ್ಡ ಡಾಕ್ಟರ್ ಜೋಡಿ ಹೋತು," ಅಂದ.

ನಮ್ಮ ಕಡೆ ಒಂದು ರೂಢಿ ಇದೆ. ಸೂಜಿ ಹಿಡಿದ ಕೈ ಯಾರದೇ ಇರಲಿ, ಅವರು ಡಾಕ್ಟರ್. ದನಕ್ಕೆ ಸೂಜಿ ಮಾಡುವವರೂ ಡಾಕ್ಟರ್, ಔಷಧಿ ಅಂಗಡಿಯವರೂ ಡಾಕ್ಟರ್, ನರ್ಸು ಡಾಕ್ಟರ್‌ಬಾಯಿ. ಹಾಗೆ ಕರೆಯುವುದು ಮರ್ಯಾದೆ, ಯಾರನ್ನೂ ಮೋಸ ಮಾಡಲಿಕ್ಕಲ್ಲ. ಬಾಯಿಯ ಮಾತು ಬಾಯಿಯಲ್ಲಿ ಇದ್ದರೆ ಗಾಳಿಗೆ ಹೋಗುತ್ತದೆ. ನಾನು ಅದನ್ನು ಎನಾಮಲ್ಲಿನಲ್ಲಿ ಬರೆದೆ.

ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ಜ್ವರ ನೆತ್ತಿಗೇರಿ ಕೈಕಾಲು ಸೆಟೆದುಕೊಂಡವು. ನನ್ನ ಹೆಂಡತಿ ಶಾಹೀನಾ ಕೂಗಿದ ಕೂಗಿಗೆ ಮೊದಲು ಓಡಿ ಬಂದವನು ಮಲ್ಲಣ್ಣ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಒದ್ದೆ ಬಟ್ಟೆ ಸುತ್ತಿ, ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಸರ್ಕಾರಿ ದವಾಖಾನೆಗೆ ಒಯ್ದ. ಮಗು ಉಳಿಯಿತು. ಆ ಋಣ ನನ್ನನ್ನು ಸುಮ್ಮನೆ ಕೂರಗೊಡಲಿಲ್ಲ. ಅವನು ಅಫಜಲಪುರಕ್ಕೆ ಮಗಳ ಮನೆಗೆ ಹೋಗಿದ್ದ ಎರಡು ದಿನದಲ್ಲಿ, ಅವನ ಬಾಗಿಲ ಮೇಲೆ ನೀಲಿ ಅಕ್ಷರಕ್ಕೆ ಹಳದಿ ನೆರಳು ಕೊಟ್ಟು ಬೋರ್ಡು ಬರೆದೆ. "ಡಾ. ಮಲ್ಲಣ್ಣ."

ಅವನು ಬಂದವನು ಚೀಲ ಇಳಿಸದೆ ಅದನ್ನೇ ನೋಡುತ್ತ ನಿಂತ.

"ಯಾಕಲೇ ರಫೀಕ?"

"ಊರೇ ಅಂತದಲ್ರಿ ಅಣ್ಣಾ."

"ಅಳಸಿಬಿಡು."

"ಅಳಸಿದ್ರ ಕಲೆ ಉಳೀತದ್ರಿ," ಅಂದೆ. ಅದು ನಿಜವೂ ಹೌದು, ನೆಪವೂ ಹೌದು. ಅವನು ಇನ್ನೊಮ್ಮೆ ಹೇಳಲಿಲ್ಲ. ಸಂಜೆ ಅತ್ತ ಹೋಗುವಾಗ ನೋಡಿದೆ, ಒದ್ದೆ ಬಟ್ಟೆಯಿಂದ ಬೋರ್ಡಿನ ಧೂಳು ಒರೆಸುತ್ತಿದ್ದ. ನನಗೆ ಖುಷಿಯಾಯಿತು.

ಆಮೇಲೆ ಹಳ್ಳಿಯಿಂದ ಬಂದವರು ಆ ಬೋರ್ಡು ಓದಿಕೊಂಡು ಒಳಗೆ ಹೋಗತೊಡಗಿದರು. ವರ್ಷಗಳು ಹೋದವು.

ನನ್ನ ಜಡ್ಡು ನಿದ್ದೆಯಾಗಿ ಬಂತು. ಶತ್ರುವಿನ ಹಾಗೆ ಬರಲಿಲ್ಲ, ಬೀಗರ ಹಾಗೆ ಬಂದು ಕೂತಿತು. ಊಟವಾದ ಮೇಲೆ ಒಂದು ತಾಸು, ಆಮೇಲೆ ಎರಡು ತಾಸು, ಆಮೇಲೆ ಊಟವೇ ನಿದ್ದೆಯ ನಡುವೆ ಎಲ್ಲೋ ಆಗಿಹೋಗುತ್ತಿತ್ತು. ಮನೆಯ ಸದ್ದುಗಳು ನೀರಿನ ಆಚೆಯಿಂದ ಕೇಳಿದ ಹಾಗೆ. ಶಾಹೀನಾ ರೊಟ್ಟಿ ಬಡಿಯುತ್ತಿದ್ದರೆ ನನಗೆ ದೂರದ ಊರಿನಲ್ಲಿ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಅನ್ನಿಸುತ್ತಿತ್ತು. ಎದ್ದು ಹೋಗಿ ತೆಗೆಯಬೇಕು ಎಂದುಕೊಳ್ಳುತ್ತ ಮತ್ತೆ ಮಲಗುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಅದರಲ್ಲಿ ಒಂದು ಸುಖವೂ ಇತ್ತು. ಯಾವ ಚಿಂತೆಯೂ ನನ್ನ ತನಕ ಬಂದು ಮುಟ್ಟುತ್ತಿರಲಿಲ್ಲ.

ದನಿ ದಪ್ಪಗಾಯಿತು. ಫೋನು ಮಾಡಿದವರು "ಪೇಂಟರ್ ಇಲ್ಲೇನ್ರಿ? ನೀವು ಅವ್ರ ಅಬ್ಬಾನಾ?" ಎಂದು ಕೇಳುತ್ತಿದ್ದರು. ಮುಖ ಊದಿತು. ಮೈ ಕೈ ತುಂಬಿಕೊಂಡೆನೆಂದು ಆಳಂದದ ನನ್ನ ಅಕ್ಕ ಹಿಗ್ಗಿ, "ಈಗ ನೋಡು, ಮನಷ್ಯಾನಂಗ ಕಾಣತಿ," ಅಂದಳು.

ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಯ ರಸ್ತೆಗೆ ಒಂದು ಅಂಗಡಿ ಗೋಡೆ ಬರೆಯುತ್ತಿದ್ದೆ. ಅಟ್ಟಣೆಯ ಹಲಗೆಯ ಮೇಲೆ ಕೂತು ಬರೆಯುತ್ತ ಬರೆಯುತ್ತ ಕಬ್ಬಿನ ಬೆಲ್ಲದ ವಾಸನೆಗೋ ಏನೋ ಕಣ್ಣು ಎಳೆದವು. ಅಕ್ಷರಗಳೆಲ್ಲ ಗೋಡೆ ಇಳಿದು ಭೀಮಾ ನದಿಯ ಕಡೆ ಎಮ್ಮೆಗಳ ಹಾಗೆ ಸಾಲಾಗಿ ಹೋಗಿ ನೀರಿಗೆ ಬಾಯಿ ಹಚ್ಚಿದವು. ನಾನು ಹಿಂದೆ ಹಿಂದೆ ಹೋಗುತ್ತಿದ್ದೆ. "ಬಿದ್ದಗಿದ್ದೀರಿ ಸಾಬ್ರ" ಎಂದು ಕೆಳಗೆ ಸಿಮೆಂಟಿನ ಗಿಲಾಯಿ ಮಾಡುತ್ತಿದ್ದ ಗೌಂಡಿ ಕೂಗಿದ್ದಕ್ಕೆ ಎಚ್ಚರವಾಯಿತು. ಒಂದು ಕಾಲು ಆಗಲೇ ಹಲಗೆಯ ಆಚೆ ಇತ್ತು.

ಅವತ್ತೇ ಇನ್ನೊಂದು ಸಂಗತಿ ಕಂಡೆ. ಬಣ್ಣ ಒಣಗಿದೆಯೋ ಇಲ್ಲವೋ ಎಂದು ನಾವು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತೇವೆ. ನಾನು ಮುಟ್ಟಿದೆ, ಒಣಗಿದೆ ಎಂದುಕೊಂಡೆ, ಅದರ ಮೇಲೆ ಎರಡನೆಯ ಬಣ್ಣ ಹಚ್ಚಿದೆ. ಎಲ್ಲ ಕಲಸಿ ಇಳಿಯಿತು. ಬೆರಳು ನೋಡಿಕೊಂಡರೆ ಹೆಬ್ಬೆರಳ ತುಂಬ ಹಸಿ ಕೆಂಪು. ಬೆರಳಿಗೆ ಅದು ಗೊತ್ತೇ ಆಗಿರಲಿಲ್ಲ. ನಿದ್ದೆಯಲ್ಲಿ ಇಷ್ಟು ದಿನ ಬಾರದ ಹೆದರಿಕೆ ಆಗ ಬಂತು. ಕೈ ಹೋದರೆ ನಾನು ಯಾರು?

ಮಲ್ಲಣ್ಣನ ಹತ್ತಿರ ಹೋದೆ. ಮತ್ತೆಲ್ಲಿಗೆ ಹೋಗಲಿ, ಬಾಗಿಲ ಮೇಲೆ ಡಾಕ್ಟರ್ ಎಂದು ನಾನೇ ಬರೆದಿದ್ದೆ. "ನರ ನಿತ್ರಾಣ ಆಗ್ಯಾವ," ಅಂದ ಅವನು. ವಾರಕ್ಕೊಂದು ತಾಕತ್ತಿನ ಸೂಜಿ ಶುರುವಾಯಿತು. ಪ್ರತಿ ವಾರ "ಹೆಂಗದ?" ಎನ್ನುವನು. "ಆರಾಮ ಅದ್ರಿ ಅಣ್ಣಾ," ಎನ್ನುವೆ. ಆರಾಮ ಇರಲಿಲ್ಲ. ಅವನ ಕೈಗುಣದ ಮೇಲೆ ಅನುಮಾನ ಪಟ್ಟ ಹಾಗಾಗುತ್ತದೆ ಎಂದು ಹೇಳುತ್ತಿದ್ದೆ. ಅವನಿಗೂ ಅದು ಸುಳ್ಳೆಂದು ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಬೋರ್ಡಿನ ಮಾನ ಅವನು ಕಾಯ್ದ, ಅವನ ಮಾನ ನಾನು ಕಾಯ್ದೆ. ಹೀಗೆ ಎಂಟು ತಿಂಗಳು.

ಉಳಿದವರು ಸುಮ್ಮನಿರುತ್ತಾರೆಯೇ? ಬಡವನ ಜಡ್ಡಿಗೆ ಊರೆಲ್ಲ ವೈದ್ಯರು. ಅಕ್ಕ ನರದ ಡಾಕ್ಟರ್ ಅಂದಳು. ಅಫಜಲಪುರದ ಮಾಮು ಎಲುಬಿನ ಡಾಕ್ಟರ್ ಅಂದರು. ಕಡಗಂಚಿಯಲ್ಲಿ ಒಂದು ಝೆರಾಕ್ಸ್ ಅಂಗಡಿಯ ಬೋರ್ಡು ಬರೆಯಲು ಹೋದಾಗ ಅಲ್ಲಿಗೆ ಬಂದಿದ್ದ ಯೂನಿವರ್ಸಿಟಿಯ ಹುಡುಗಿಯೊಬ್ಬಳು ನನ್ನ ಕೈ ನೋಡಿ, "ನ್ಯೂರೋಸರ್ಜನ್ ಹತ್ರ ಹೋಗ್ರಿ ಅಂಕಲ್, ನರ ಒತ್ಯದ, ಕೊಯ್ದು ಬಿಡಸ್ತಾರ," ಅಂದಳು. ಆ ಪದ ನನ್ನ ತಲೆಯಲ್ಲಿ ಕೂತಿತು. ನಾನು ಬರೆದ ಪದಗಳಲ್ಲೇ ಅದು ಉದ್ದದ್ದು. ಬೋರ್ಡು ಉದ್ದವಿದ್ದಷ್ಟೂ ಡಾಕ್ಟರ್ ದೊಡ್ಡವರು ಎಂಬುದು ನನ್ನ ತಿಳುವಳಿಕೆ. ಫಿಜಿಷಿಯನ್ ಎಂಬುದು ನನ್ನ ಲೆಕ್ಕದಲ್ಲಿ ಸಣ್ಣ ಮಾತು, ಏನೂ ಆಗದವರು ಆಗುವಂಥದ್ದು.

ಒಂದು ಮಧ್ಯಾಹ್ನ ಶಾಹೀನಾ ನನ್ನನ್ನು ಎಬ್ಬಿಸಿದಳಂತೆ, ನಾನು ಏಳಲಿಲ್ಲ. ಮುಖಕ್ಕೆ ನೀರು ಹಾಕಿದಳಂತೆ. ನಾನು ಕಣ್ಣು ಬಿಟ್ಟು, "ಹಳದಿ ಬಣ್ಣ ಮುಚ್ಚಿಡು, ಕೆನೆ ಕಟ್ಟುತ್ತದೆ" ಎಂದು ಹೇಳಿ ಮತ್ತೆ ಮಲಗಿದೆನಂತೆ. ಅವಳು ಮಲ್ಲಣ್ಣನಿಗೆ ಫೋನು ಮಾಡಿದಳು. ಅವನು ಬಂದು ನಾಡಿ ಹಿಡಿದ. ಅವನ ಮುಖ ನನ್ನ ಮುಖದ ಹತ್ತಿರ, ತುಂಬ ದೊಡ್ಡದಾಗಿ ಕಂಡದ್ದು ನೆನಪಿದೆ.

"ಬಾಯಿ, ಇದು ನನ್ನ ಕೈಯಾಗಿಂದಲ್ಲ," ಎಂದು ಶಾಹೀನಾಗೆ ಹೇಳಿದ. ಆಟೋ ತರಿಸಿದ.

ಹೈವೇಗೆ ಹಿಂದಿನ ವರ್ಷ ಒಂದು ಹೊಸ ಆಸ್ಪತ್ರೆ ಆಗಿತ್ತು. ಅದರ ಉದ್ದನೆಯ ಕಾರಿಡಾರಿನಲ್ಲಿ ಎಂಟು ಬಾಗಿಲು. ಎಂಟೂ ಹಲಗೆ ಬರೆದವನು ನಾನು. ಜಡ್ಡಿನ ಮೊದಲ ದಿನಗಳಲ್ಲಿ, ಕೈ ಇನ್ನೂ ಮಾತು ಕೇಳುತ್ತಿದ್ದಾಗ ಬರೆದದ್ದು. ಅವುಗಳ ಕೆಳಗೆ ಬೆಂಚಿನ ಮೇಲೆ ಸ್ವೆಟರ್ ಹಾಕಿಕೊಂಡು ಕೂತೆ. ಒಂದು ಕಡೆ ಶಾಹೀನಾ, ಒಂದು ಕಡೆ ಮಲ್ಲಣ್ಣ, ನಾನು ವಾಲದ ಹಾಗೆ.

ಕೌಂಟರಿನ ಸಿಸ್ಟರ್ ಕೇಳಿದಳು, "ಯಾರಿಗೆ ತೋರಸ್ಬೇಕ್ರಿ?"

ಯಾರಿಗೆ? ನಾನು ತಲೆ ಎತ್ತಿ ಬಾಗಿಲುಗಳನ್ನು ನೋಡಿದೆ. ಎಷ್ಟು ಚೆಂದ ಬರೆದಿದ್ದೆ. ಅಕ್ಷರಗಳು ಹಲಗೆ ಬಿಟ್ಟು ಇಳಿದು ಕಾರಿಡಾರಿನ ತುಂಬ ಮೆಲ್ಲಗೆ ಓಡಾಡತೊಡಗಿದವು. ಸರ್ಜನ್ನಿನ ಮೊದಲ ಅಕ್ಷರ ಬಂದು ನನ್ನ ಕಾಲ ಬಳಿ ಸುರುಳಿ ಸುತ್ತಿ ಮಲಗಿತು. ಎಲ್ಲ ನನ್ನ ಕೈಯಿಂದ ಹುಟ್ಟಿದವು, ಒಂದೂ ಬಂದು ನಾನು ನಿನ್ನವನು ಅನ್ನಲಿಲ್ಲ. ಇಷ್ಟು ವರ್ಷ ಇವನ್ನು ಬರೆದವನಿಗೆ ಯಾವ ಬಾಗಿಲು ತಟ್ಟಬೇಕೆಂದು ಗೊತ್ತಿಲ್ಲವಲ್ಲ ಎಂದು ಅಳು ಬಂತು, ಅದೂ ತಡವಾಗಿ.

"ನ್ಯೂರೋಸರ್ಜನ್," ಅಂದೆ.

"ಅವ್ರು ಬುಧವಾರ ಬರ್ತಾರ್ರಿ. ಎಲುಬಿನವ್ರು ಶುಕ್ರವಾರ. ಇವತ್ತ ಸೋಮವಾರ, ಫಿಜಿಷಿಯನ್ ಮೇಡಂ ಒಬ್ರೇ ಇದ್ದಾರ."

ಆಗ ನೋಡಿದರೆ ಎಂಟರಲ್ಲಿ ಏಳು ಬಾಗಿಲಿಗೆ ಬೀಗ. "ಬರೀ ಫಿಜಿಷಿಯನ್ನಾ?" ಅಂದೆ. "ಬುಧವಾರ ಬರೂಣು, ನಡೀರಿ."

ಮಲ್ಲಣ್ಣ ನನ್ನ ತೋಳು ಹಿಡಿದು ಕೂರಿಸಿದ. "ಸುಮ್ಮ ಕೂಡ್ಲೇ. ಕೇಳಾಂವ್ರು ಬೇಕು ನಿನಗ. ಎಂಟ್ ತಿಂಗಳ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ."

ಮೇಡಂ ನನ್ನ ಮಗಳಿಗಿಂತ ಒಂದಿಷ್ಟು ದೊಡ್ಡವರಿರಬೇಕು. ನಾನು ಕೈ ಮುಂದೆ ಚಾಚಿದೆ. ಅವರು ಕೈ ನೋಡಲಿಲ್ಲ.

"ನಿಮ್ಮ ಹೆಸರು ಹೇಳ್ರಿ."

ಹೇಳಿದೆ.

"ಇನ್ನೊಮ್ಮೆ ಹೇಳ್ರಿ. ಊರು? ಕೆಲಸ? ಈ ಸ್ವೆಟರ್ ಯಾವಾಗಿಂದ ಹಾಕ್ಕೊಳ್ಳಾಕತ್ತೀರಿ?"

ಮಾತನ್ನಲ್ಲ, ನನ್ನ ದನಿಯನ್ನು ಕೇಳುತ್ತಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಶಾಹೀನಾ ಕಡೆ ತಿರುಗಿ, "ಇವ್ರದು ಹಳೇ ಫೋಟೋ ಅದ ಏನ್ರಿ?" ಅಂದರು. ಶಾಹೀನಾ ಫೋನಿನಲ್ಲಿ ಹಿಂದಿನ ವರ್ಷದ ರಂಜಾನ್ ಹಬ್ಬದ ಫೋಟೋ ತೆಗೆದಳು. ಮೇಡಂ ಅದನ್ನು ನನ್ನ ಮುಖದ ಪಕ್ಕ ಹಿಡಿದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. ನಾನೂ ನೋಡಿದೆ. ಫೋಟೋದಲ್ಲಿ ತೆಳ್ಳಗೆ, ಹುಬ್ಬು ತುಂಬಿದ, ಯಾವುದೋ ಮಾತಿಗೆ ನಗುತ್ತಿದ್ದ ಒಬ್ಬ ಮನುಷ್ಯ ಇದ್ದ. ಅವನನ್ನು ಎಲ್ಲೋ ನೋಡಿದ ನೆನಪು. ಶಾಹೀನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಿನಾ ನೋಡುವ ಮುಖ ಬದಲಾದದ್ದು ಅವಳಿಗೂ ಕಂಡಿರಲಿಲ್ಲ.

"ಎಂಟು ತಿಂಗಳ ಯಾರ ಹತ್ರ ತೋರಸ್ತಿದ್ರಿ?" ಮೇಡಂ ಕೇಳಿದರು.

"ಮಲ್ಲಣ್ಣ ಡಾಕ್ಟರ್..." ಎಂದು ನಾನು ಶುರು ಮಾಡಿದೆ. ನನ್ನ ಮಾತು ನಿಧಾನ. ಮುಗಿಯುವ ಮೊದಲೇ ಬಾಗಿಲ ಬಳಿ ನಿಂತಿದ್ದ ಮಲ್ಲಣ್ಣ ಎರಡು ಹೆಜ್ಜೆ ಒಳಗೆ ಬಂದ.

"ನನ್ನ ಹತ್ರಾರೀ ಮೇಡಂ. ತಾಕತ್ತಿನ ಸೂಜಿ ಮಾಡ್ತಿದ್ದೆ. ಡಾಕ್ಟರ್ ಅಲ್ರಿ ನಾ. ಕಂಪೌಂಡರ್."

ಮೇಡಂ ಪೆನ್ನು ಕೆಳಗಿಟ್ಟು ಅವನನ್ನು ನೋಡಿದರು. ಬೈಯುತ್ತಾರೆ ಎಂದು ನಾನು ಕಾಯ್ದೆ. "ಕರಕೊಂಡ್ ಬಂದ್ರಿ, ಛಲೋ ಆತು," ಅಂದರು. "ಆದ್ರ ಆರು ತಿಂಗಳ ಮೊದ್ಲ ತರಬೇಕಿತ್ತು."

"ಹೌದ್ರಿ," ಅಂದ ಮಲ್ಲಣ್ಣ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ರಕ್ತ ತೆಗೆದರು, ಎದೆಯ ಸ್ಕ್ಯಾನ್ ಮಾಡಿದರು. ನನ್ನ ಗಂಟಲಿನಲ್ಲಿ ಥೈರಾಯಿಡ್ ಎಂಬ ಸಣ್ಣ ಗ್ರಂಥಿ ಮಲಗಿಬಿಟ್ಟಿದೆ, ಅದರ ಜೊತೆ ನನ್ನನ್ನೂ ಮಲಗಿಸಿಕೊಂಡಿದೆ ಎಂದು ಮೇಡಂ ಹೇಳಿದರು. ನನಗೆ ಅದು ಜಡ್ಡಿನ ವಿವರಣೆಯಾಗಿ ಕೇಳಲಿಲ್ಲ, ಯಾರೋ ನನ್ನ ಕನಸನ್ನು ಹೊರಗಿನಿಂದ ಓದಿ ಹೇಳಿದ ಹಾಗೆ ಕೇಳಿತು. ಹೃದಯದ ಸುತ್ತ ನೀರು ನಿಂತಿತ್ತು. "ಇನ್ನ ನಾಕು ವಾರ ಹಿಂಗ ಬಿಟ್ಟಿದ್ರ ಮಲಗಿದವ್ರು ಏಳ್ತಿರಲಿಲ್ಲ," ಎಂದು ಶಾಹೀನಾಗೆ ಹೊರಗೆ ಕರೆದು ಹೇಳಿದರಂತೆ. ಅದನ್ನು ಅವಳು ನನಗೆ ಹೇಳಿದ್ದು ಎರಡು ತಿಂಗಳ ನಂತರ.

ನಾನು ಕೇಳಿದ್ದು ಒಂದೇ. "ಮೇಡಂ, ಕೈ ಕೊಯ್ಯಬೇಕಾಗ್ತದೇನ್ರಿ?"

"ಮೊದ್ಲ ಗುಳಿಗಿ ನುಂಗ್ರಿ. ಕೈ ತಾನ ಬರಬಹುದು. ಬರಲಿಲ್ಲಂದ್ರ ಆವಾಗ ನೋಡೂಣು."

ಬರಬಹುದು. ಆ ಒಂದು ಮಾತನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ ಹಾಗೆ ಇಟ್ಟುಕೊಂಡೆ.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ನಾಲ್ಕು ಮಂಚದ ವಾರ್ಡು, ಎರಡು ಫ್ಯಾನು. ನನ್ನ ತಲೆಯ ಮೇಲಿನ ಫ್ಯಾನು ತಿರುಗಿದರೆ ಹಲ್ಲು ಕಟಕಟಿಸುತ್ತಿದ್ದವು. ಪಕ್ಕದ ಮಂಚದಲ್ಲಿ ಜ್ವರ ಬಿಟ್ಟು ಬೆವರುತ್ತಿದ್ದ ಒಬ್ಬ ಒಕ್ಕಲಿಗ ಮುದುಕ ಇದ್ದ. ಮೊದಲ ದಿನವೇ ಎದ್ದು ಫ್ಯಾನಿನ ಬಟನ್ ಒತ್ತಿ ಆರಿಸಿದ. "ನನಗ ಹೊಲದಾಗಿನ ಬಿಸಲ ರೂಢಿ ಅದ ತಮ್ಮಾ, ನೀ ಮಲ್ಕೊ," ಅಂದ. ಮಾತು ಮುಗಿಸಿ ತನ್ನ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತ. ಮೇ ತಿಂಗಳ ಆ ಧಗೆಯಲ್ಲಿ, ಹೆಸರು ಗೊತ್ತಿಲ್ಲದವನಿಗೋಸ್ಕರ.

ಮಲ್ಲಣ್ಣ ಮಾತ್ರ ಅವತ್ತು ಸೇರಿಸಿ ಹೋದವನು ಮತ್ತೆ ಬರಲಿಲ್ಲ. ನಾನು ಬಾಗಿಲ ಕಡೆ ನೋಡುವುದನ್ನು ಕಂಡು ಶಾಹೀನಾ ಸಿಟ್ಟಾದಳು.

"ಇನ್ನು ಅವ್ರ ಕಟ್ಟಿಗೆ ಹೋಗಬ್ಯಾಡ್ರಿ. ಆ ಬೋರ್ಡ್ ನೋಡಿ ಎಷ್ಟ ಮಂದಿ ಹೋಗಾಕತ್ತಾರ, ಅವ್ರ ಗತಿ ಏನು?"

"ಬೋರ್ಡ್ ಬರದಾಂವ ನಾನು," ಅಂದೆ.

ಅವಳು ಎತ್ತಿದ ಚಮಚವನ್ನು ಬಟ್ಟಲಿಗೆ ಇಳಿಸಿದಳು. ಗಂಜಿ ಆರಿತು.

ಮನೆಗೆ ಬಂದ ಮೇಲೆ ದಿನಕ್ಕೊಂದು ಗುಳಿಗೆ. ಮೆಣಸಿನ ಬೀಜದಷ್ಟು ಸಣ್ಣದು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಅರ್ಧ ತಾಸು ಚಹಾ ಮುಟ್ಟುವ ಹಾಗಿಲ್ಲ. ಜೇವರ್ಗಿಯವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಒಲೆಯ ಮೇಲೆ ಚಹಾ ಕುದಿಯುವ ಸದ್ದು ಕೇಳುತ್ತ ಗಡಿಯಾರ ನೋಡುತ್ತ ಕೂರುತ್ತೇನೆ, ಇವತ್ತಿಗೂ. ಜೀವ ಇರುವ ತನಕ ಇದು ಇದೆ. ನನ್ನ ಹಾಗೆ ಈ ಗುಳಿಗೆಗೆ ಕಾಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಅರ್ಧ ತಾಸಿನಲ್ಲಿ ನೀವೊಬ್ಬರೇ ಅಲ್ಲ, ನಾನೂ ಕೂತಿರುತ್ತೇನೆ.

ಎಚ್ಚರ ಒಂದೇ ಸಲ ಬರಲಿಲ್ಲ. ಮೊದಲು ರೊಟ್ಟಿಯ ಸದ್ದು ಅಡುಗೆಮನೆಗೆ ವಾಪಸು ಬಂತು. ಆಮೇಲೆ ಸ್ವೆಟರ್ ಭಾರವೆನಿಸಿತು. ಒಂದು ದಿನ ಚಹಾದಂಗಡಿಯವ, "ಕಾಶ್ಮೀರದಿಂದ ಬಂದ್ರಿ?" ಅಂದ. ನಗು ಹೊತ್ತಿಗೆ ಸರಿಯಾಗಿ ಬಂತು. ನಾನು ಎಷ್ಟು ನಕ್ಕೆನೆಂದರೆ ಅವನೇ ಗಾಬರಿಯಾದ.

ಕೈ ಮಾತ್ರ ಬರಲಿಲ್ಲ. ಮಗಳ ಹಳೆಯ ಸ್ಲೇಟು ತೆಗೆದು ದಿನಾ ಗೆರೆ ಎಳೆಯುತ್ತಿದ್ದೆ. ಗೆರೆ ನಡುಗುತ್ತಿತ್ತು. ಜೂನ್ ಹೋಯಿತು, ಜುಲೈ ಹೋಯಿತು. ಮೇಡಂ, "ತಡೀರಿ," ಅಂದರು.

ಒಂದು ಸಂಜೆ ಕಾಲು ತಾವೇ ಮಲ್ಲಣ್ಣನ ಓಣಿಗೆ ತಿರುಗಿದವು. ದೂರದಿಂದ ನೋಡಿದೆ, ಬೋರ್ಡಿನ ಮೇಲೆ ಗೋಣಿತಟ್ಟು ಹೊದಿಸಿ ಹಗ್ಗ ಕಟ್ಟಿತ್ತು. ಕಟ್ಟೆಯ ಮೇಲೆ ಅವನು ಒಬ್ಬನೇ ಕೂತಿದ್ದ, ಸೊರಗಿದ್ದ. ನನ್ನನ್ನು ಕಂಡು ಎದ್ದ.

"ದವಾಖಾನಿಗಿ ಬರಲಿಲ್ಲಲ್ರಿ ಅಣ್ಣಾ," ಅಂದೆ.

"ಯಾವ ಮಾರಿ ಹೊತ್ಕೊಂಡ್ ಬರಲಿ? ನಿನ್ನ ಕೊಂದಿದ್ದೆ ನಾ."

"ಆಟೋದಾಗ ಹಾಕ್ಕೊಂಡ್ ಒಯ್ದವ್ರು ಯಾರು ಮತ್ತ?"

ಅವನು ಸರಿದು ಕಟ್ಟೆಯ ಮೇಲೆ ಜಾಗ ಮಾಡಿದ. ಇಬ್ಬರೂ ಕೂತೆವು. ನಾನು ಗೋಣಿತಟ್ಟಿನ ಕಡೆ ನೋಡಿದೆ. "ಮೂರ್ ತಿಂಗಳಿಂದ ಹಿಂಗ ಅದ ಏನ್ರಿ? ಬ್ಯಾರೆ ಪೇಂಟರ್‌ಗ ಹೇಳಬಹುದಿತ್ತಲ್ಲ."

"ನೀ ಬರದದ್ದು. ನೀನ ಅಳಸು."

"ಕೈ ಬಂದಿಲ್ರಿ."

"ಬಂದಾಗ ಅಳಸು. ಎಲ್ಲಿ ಹೋಗಾಂವ ನಾ?"

ಅವನು ಕಾಯುತ್ತಿದ್ದದ್ದು ನನ್ನ ಕೈಗೆ ಎಂದು ತಿಳಿದಾಗ ನನಗೆ ಹೆದರಿಕೆ ಹೆಚ್ಚಾಯಿತು, ಧೈರ್ಯವೂ ಬಂತು. ಎರಡು ದಿನ ಬಿಟ್ಟು ಡಬ್ಬಿ, ಬ್ರಶ್, ಟರ್ಪಂಟೈನ್ ಹಿಡಿದು ಬೆಳಿಗ್ಗೆ ಹೋದೆ. ಬಂದಷ್ಟು ಬರಲಿ. ಶಾಹೀನಾ ತಡೆಯಲಿಲ್ಲ, ಏಣಿ ಹಿಡಿಯಲು ತಾನೂ ಬಂದಳು.

"ಡಾ." ಕೆರೆದು ತೆಗೆಯಲು ಅರ್ಧ ತಾಸು ಹಿಡಿಯಿತು. ಆಗ ಹೇಳಿದ ಹಾಗೆಯೇ ಕಲೆ ಉಳಿಯಿತು. ಅದರ ಬದಲು ಏನು ಬರೆಯುವುದು? ಮೂವರೂ ಸೇರಿ ಪದ ಹುಡುಕಿದೆವು.

"ಮೆಡಿಕಲ್ ಅಸಿಸ್ಟಂಟ್?" ನಾನು ಕೇಳಿದೆ.

"ಯಾರಿಗಿ ಅಸಿಸ್ಟಂಟ್? ದೊಡ್ಡ ಡಾಕ್ಟರ್ ಇಲ್ಲ."

"ಪ್ರಾಕ್ಟೀಷನರ್?"

"ಅದು ಡಾಕ್ಟರ್‌ನ ತಮ್ಮ ಇದ್ದಂಗ."

"ಹೆಲ್ತ್ ವರ್ಕರ್?"

"ಅದು ಸರ್ಕಾರದವ್ರದು."

ಶಾಹೀನಾ ಏಣಿ ಬಿಡದೆ ಹೇಳಿದಳು, "ಅವತ್ತ ಮೇಡಂ ಮುಂದ ನೀವ ಹೇಳಿದ್ರಲ್ರಿ ಅಣ್ಣಾರ. ಅದ ಬರೀಲಿ."

ಮಲ್ಲಣ್ಣ ಅವಳನ್ನು ನೋಡಿದ. ಮೂರು ತಿಂಗಳಲ್ಲಿ ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು.

ಬರೆದೆ. "ಮಲ್ಲಣ್ಣ, ಕಂಪೌಂಡರ್." ಗೆರೆ ಮೊದಲಿನ ಹಾಗೆ ಇರಲಿಲ್ಲ, ಕಕಾರದ ಹೊಟ್ಟೆ ಒಂದಿಷ್ಟು ನಡುಗಿತ್ತು. ಅವನು ಕೆಳಗಿನಿಂದ, "ಇನ್ನೊಂದು ಸಾಲು ಬರಿ," ಅಂದ. ಅವನು ಹೇಳಿದಂತೆ ಬರೆದೆ. "ಗಾಯಕ್ಕೆ ಪಟ್ಟಿ ಕಟ್ಟಲಾಗುವುದು. ಉಳಿದದ್ದಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಾಗುವುದು."

ಇಳಿಯುವ ಹೊತ್ತಿಗೆ ಹಳ್ಳಿಯ ಕಡೆಯ ಒಬ್ಬ ಮುದುಕಿ ಎದೆ ಹಿಡಿದುಕೊಂಡು ಕೆಮ್ಮುತ್ತ ಬಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ. "ಡಾಕ್ಟರ್ ಅದಾರೇನಪ್ಪಾ?" ಅಂದಳು.

"ಇಲ್ಲಬೇ ಯವ್ವಾ," ಅಂದ ಮಲ್ಲಣ್ಣ, ಗೂಟದಿಂದ ಅಂಗಿ ತೆಗೆದುಕೊಳ್ಳುತ್ತ. "ಬಾ, ಇದ್ದಲ್ಲಿ ಕರಕೊಂಡ್ ಹೋಗ್ತೇನಿ." ಆಟೋ ಕೂಗಿ ಅವಳನ್ನು ಹತ್ತಿಸಿ ತಾನೂ ಹತ್ತಿದ.

ಆಟೋ ಹೈವೇಯ ಕಡೆ ತಿರುಗುವ ತನಕ ನಾನು ಏಣಿಯ ಮೇಲೆಯೇ ನಿಂತಿದ್ದೆ. ಆಮೇಲೆ ರೂಢಿಯಂತೆ, ಒಣಗಿದೆಯೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಕೊನೆಯ ಅಕ್ಷರ ಮುಟ್ಟಿದೆ. ಬಣ್ಣ ಹಸಿ ಇತ್ತು, ತಣ್ಣಗಿತ್ತು. ಬೆರಳು ನೋಡಿಕೊಳ್ಳುವ ಮೊದಲೇ ಅದು ನನಗೆ ಗೊತ್ತಾಯಿತು.